ಜಿಲೇಬಿ ಅಪರಾಧ, ಹಾಗಲಕಾಯಿ ಶಿಕ್ಷೆ

ಹೆಂಡತಿಯನ್ನು ದೆವ್ವದ ಸಿನಿಮಾಕ್ಕೆ ಕರೆದುಕೊಂಡು ಹೋದದ್ದೇ ವಿರೂಪಣ್ಣ ಮಾಡಿದ ಮಹಾಪರಾಧ. (ಕರೆದುಕೊಂಡು ಹೋದವಳು ಹೆಂಡತಿ ಗುರುಶಾಂತಮ್ಮನೇ. ಆದರೂ ಅಪರಾಧ ಅವನದೆಂದು ಮನೆಯಲ್ಲಿ ತೀರ್ಮಾನವಾಗಿದೆ.) ರಾಯಚೂರಿನ ಮಧ್ಯಾಹ್ನದ ಬಿಸಿಲಿಗಿಂತ ಥೇಟರಿನ ಎಸಿ ವಾಸಿ ಎಂದು ಅವನೂ ಹೊರಟ.

ತೆರೆಯ ಮೇಲೆ ಕರಿಕಂಬಳಿ ಹೊದ್ದ ದೆವ್ವವೊಂದು ತಪ್ಪು ಮುಚ್ಚಿಟ್ಟವರನ್ನು ಹುಡುಕಿ ಹುಡುಕಿ ಶಿಕ್ಷಿಸುತ್ತಿತ್ತು. ಒಪ್ಪಿಕೊಂಡವರನ್ನು ಮಾತ್ರ ಬಿಡುತ್ತಿತ್ತು. ಇಂಟರ್‌ವಲ್ ಕಳೆದ ಮೇಲಂತೂ ವಿರೂಪಣ್ಣನಿಗೆ ಎಸಿಯಲ್ಲೂ ಬೆವರು. ಎರಡು ವರ್ಷದ ಹಿಂದೆ ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ, ಅದು ಇಳಿಯುವವರೆಗೆ ತಾನೂ ಸಿಹಿ ಮುಟ್ಟುವುದಿಲ್ಲವೆಂದು ಗುರುಶಾಂತಮ್ಮ ಬಸವಣ್ಣನಿಗೆ ಹರಕೆ ಹೊತ್ತಿದ್ದಳು. ಹೋಳಿಗೆ ಎಂದರೆ ಜೀವ ಬಿಡುವ ಹೆಂಗಸು, ಮಾನ್ವಿಯ ತವರಿನಿಂದ ಡಬ್ಬಿ ಬಂದರೂ ಮುಚ್ಚಳ ತೆಗೆಯಲಿಲ್ಲ. ಇವನೋ, ವಾರಕ್ಕೆರಡು ಸಲ ಮಲಂಗಸಾಬನ ಮಿಠಾಯಿ ಅಂಗಡಿಯ ಹಿಂದೆ ನಿಂತು ಜಿಲೇಬಿ ಸಂಹಾರ ಮಾಡುತ್ತಿದ್ದ.

ತೆರೆಯ ಮೇಲೆ ಇನ್ನೊಬ್ಬ ಬಾವಿಗೆ ಬಿದ್ದ. ವಿರೂಪಣ್ಣ ಹೆಂಡತಿಯ ಕೈ ಹಿಡಿದ.

“ಜಿಲೇಬಿ ತಿಂದೀನಿ. ಭಾಳ ಸಲ. ನೀ ನನಗಂತ ಬಾಯಿ ಕಟ್ಟಿ ಕುಂತಿದ್ದಿ, ನಾ ಕದ್ದು ತಿಂದೆ. ಮನಸ್ಸು ಸುಡಾಕತ್ತದ.”

“ಗೊತ್ತದ ರೀ.”

“ಯಾರು ಹೇಳಿದ್ರು?”

“ಮಲಂಗಸಾಬ. ನೀವು ತಿಂದ ದಿನ ಫೋನ್ ಮಾಡ್ತಾನ. ಮರುದಿನ ಮುಂಜಾನಿ ಹಾಗಲಕಾಯಿ ರಸ ಕೊಡ್ತೀನಲ್ಲ, ಅದು ಡಾಕ್ಟ್ರು ಬರೆದದ್ದಲ್ಲ. ನಾ ಬರೆದದ್ದು.”

ಎರಡು ವರ್ಷದಿಂದ ದೆವ್ವ ತನ್ನ ಅಡಿಗೆಮನೆಯಲ್ಲೇ ಇತ್ತೆಂದು ವಿರೂಪಣ್ಣನಿಗೆ ಆಗ ತಿಳಿಯಿತು.

“ಮತ್ತ ನೀನ್ಯಾಕ ಒಂದು ಲೋಟ ಕುಡೀತಿದ್ದಿ?”

“ನಿಮಗೊಬ್ರಿಗೇ ಕಹಿ ಕುಡಿಸಾಕ ಮನಸ್ಸು ಬರಲಿಲ್ಲ.”

ಅವನ ಕಣ್ಣು ತುಂಬಿ ಬಂತು. ಇನ್ನು ಮುಟ್ಟುವುದಿಲ್ಲವೆಂದು ಬಸವಣ್ಣನ ಆಣೆ ಮಾಡಿದ. ಗುರುಶಾಂತಮ್ಮ ಕತ್ತಲಲ್ಲೇ ಸೆರಗಿನಿಂದ ಅವನ ಮುಖವನ್ನೆಲ್ಲ ಒರೆಸಿದಳು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಎರಡು ಲೋಟ ಹಾಗಲಕಾಯಿ ರಸ ಸಿದ್ಧವಾಗಿದೆ.

“ಒಪ್ಪಿಕೊಂಡೀನಲ್ಲ? ಸಿನಿಮಾದಾಗ ದೆವ್ವ ಒಪ್ಪಿಕೊಂಡೋರನ್ನ ಬಿಡ್ತಿತ್ತು.”

“ಜಿಲೇಬಿ ಒಪ್ಪಿಕೊಂಡೀರಿ,” ಎಂದಳು ಗುರುಶಾಂತಮ್ಮ. ನಿನ್ನೆಯ ಸೀರೆಯ ಸೆರಗನ್ನು ಅವನ ಮುಂದೆ ಹರವಿದಳು. ಅದರ ಮೇಲೆ ಪಿಸ್ತಾ ಚೂರಿನ ಸಮೇತ ಹಾಲಿನ ಕಲೆ. “ಇಂಟರ್‌ವಲ್‌ನಾಗ ನಾ ನೀರು ತರಾಕ ಹೋದಾಗ ತಿಂದ ಕುಲ್ಫಿ ಯಾರು ಒಪ್ಪಿಕೊಳ್ಳೋರು?”

ವಿರೂಪಣ್ಣ ತನ್ನ ಲೋಟ ಎತ್ತಿಕೊಂಡ. ಆಕೆ ತನ್ನ ಲೋಟಕ್ಕೆ ಕೈ ಚಾಚುವಷ್ಟರಲ್ಲಿ ಅದನ್ನೂ ಎಳೆದುಕೊಂಡು, ಮೂಗು ಹಿಡಿದು, ಎರಡನ್ನೂ ತಾನೇ ಕುಡಿದ.