ನನ್ನ ಬಂದೂಕಿನ ಡೊಂಕು

ನನ್ನದೊಂದು ಹಳೆಯ ಚಾಳಿಯಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೈಹಾಕಿದ ಕೆಲಸ ಕೆಟ್ಟರೆ ನನ್ನ ಸಂಶಯ ಮೊದಲು ಹೋಗುವುದು ಸಾಮಾನಿನ ಮೇಲೆ. ರೊಟ್ಟಿ ಹರಿದರೆ ಹಿಟ್ಟು ಹಳೆಯದು, ರಂಗೋಲಿ ವಾರೆಯಾದರೆ ಅಂಗಳವೇ ಇಳಿಜಾರು, ಸ್ಕೂಟರಿನಿಂದ ಬಿದ್ದರೆ ಬ್ರೇಕು ಬಿಗಿ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ನಮ್ಮ ಯಜಮಾನರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ನಾನು ಅಡುಗೆಮನೆಯಿಂದ "ಅಯ್ಯೋ" ಅಂದರೆ ಸಾಕು, ಪೇಪರಿನಿಂದ ತಲೆ ಎತ್ತದೆ "ಯಾವ ಕಂಪನಿದು?" ಎಂದು ಕೇಳುತ್ತಾರೆ.

ಇಂಥವಳು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಏರ್ ರೈಫಲ್ ಕೊಂಡೆ. ಕಂಪ್ಲಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹೆಂಗಸಿಗೆ ಬಂದೂಕು ಯಾಕೆ ಎಂದು ನೀವು ಕೇಳಬಹುದು. ನಮ್ಮ ಓಣಿಯವರೆಲ್ಲ ಕೇಳಿದರು. ಹೊಸಪೇಟೆಯಲ್ಲಿ ಓದುವಾಗ ನಾನು ಎನ್‌ಸಿಸಿಯಲ್ಲಿ ಗುರಿಗೆ ಕಪ್ ಗೆದ್ದವಳು. ಹೋದ ವರ್ಷ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಡಾಕ್ಟರು ದಿನಾ ನಡೆಯಿರಿ ಅಂದರು. ನಡೆಯುವುದೆಂದರೆ ನನಗೆ ಜೀವಕ್ಕೆ ಬರುತ್ತದೆ. ಅದರ ಬದಲು ಏನಾದರೂ ಆಡಿದರೆ ಆಯಿತಲ್ಲ ಎಂದು ಗುರಿ ಹೊಡೆಯುವ ಬಂದೂಕುಗಳಲ್ಲೇ ಅತಿ ಅಗ್ಗದ್ದನ್ನು ತರಿಸಿದೆ. ಯಜಮಾನರ ಅಕ್ಕಿ ಗಿರಣಿಯ ಹಿಂದೆ ಒಂದು ಖಾಲಿ ಗೋದಾಮಿತ್ತು. ಅದರ ಗೋಡೆಗೆ ಗುರಿಯ ಕಾಗದ ಅಂಟಿಸಿ, ಹತ್ತು ಮೀಟರ್ ಅಳೆದು ಗೆರೆ ಎಳೆದು ನಿಂತೆ. ನಿಂತ ಜಾಗದಲ್ಲೇ ನಿಂತು ಹೊಡೆಯುವ ಆಟವಾದ್ದರಿಂದ ಸಕ್ಕರೆ ಒಂದು ಗುಲಗಂಜಿಯೂ ಇಳಿಯಲಿಲ್ಲ, ಅದು ಬೇರೆ ಮಾತು.

ಮೊದಲ ಎರಡು ತಿಂಗಳು ನನ್ನ ಐದು ಗುಂಡೂ ಒಂದು ಬಿಲ್ವದ ಎಲೆಯೊಳಗೆ ಬೀಳುತ್ತಿದ್ದವು. ಆ ಧೈರ್ಯದಲ್ಲೇ ಸಂಡೂರಿನಲ್ಲಿ ನಡೆಯುವ ಹಿರಿಯ ಹೆಂಗಸರ ಪಂದ್ಯಕ್ಕೆ ಹೆಸರು ಕೊಟ್ಟೆ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಯೂ ಬಿಟ್ಟೆ. ಹೇಳಿದ್ದೇ ತಡ, ಬಂದೂಕು ಕೈಕೊಡಲು ಶುರುಮಾಡಿತು. ಬಿಲ್ವದ ಎಲೆ ಪೂರಿಯಾಯಿತು, ಪೂರಿ ಜೋಳದ ರೊಟ್ಟಿಯಾಯಿತು. ನಾನು ವಿಜ್ಞಾನದವಳು, ಕ್ರಮವಾಗಿ ತನಿಖೆ ಮಾಡಿದೆ. ಮರದ ಹಿಡಿಯನ್ನು ನಳಿಗೆಗೆ ಕೂಡಿಸುವ ಸ್ಕ್ರೂಗಳು ಸಡಿಲವಾಗಿದ್ದವು, ಬಿಗಿ ಮಾಡಿದೆ. ಕೊಂಚ ಸುಧಾರಿಸಿತು. ಗುಂಡು ಬದಲಿಸಿದೆ. ನಳಿಗೆಯೊಳಗೆ ದಾರಕ್ಕೆ ಬಟ್ಟೆ ಕಟ್ಟಿ ಎಳೆದೆ. ನನ್ನ ಮದುವೆಯ ಕಾಲದ ಕಾಡಿಗೆಯೆಲ್ಲ ಹೊರಗೆ ಬಂದಷ್ಟು ಕಪ್ಪು ಬಂತು. ಮತ್ತೆ ಕೊಂಚ ಸುಧಾರಿಸಿತು, ಅಷ್ಟೇ. ಒಂದು ದಿನ ಎಂದಿನಂತೆ ಎಡಗಣ್ಣು ಮುಚ್ಚಿ ಗುರಿ ಹಿಡಿದಾಗ ಕಳ್ಳ ಸಿಕ್ಕಿಬಿದ್ದ. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಉಂಗುರವಿರುತ್ತದೆ, ಅದರ ನಡುವೆ ಗುರಿಯ ಕಪ್ಪು ಚುಕ್ಕೆ ಕೂರಿಸಿ ಹೊಡೆಯಬೇಕು. ಆ ಉಂಗುರ ಒಂದು ಕಡೆ ಒಳಗೆ ತಗ್ಗಿತ್ತು, ಯಾರೋ ಅದುಮಿಟ್ಟ ಕೋಡುಬಳೆಯ ಹಾಗೆ.

ಬಂದೂಕನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಹೊಸಪೇಟೆ ಬಸ್ಸು ಹತ್ತಿದೆ. ಕಂಡಕ್ಟರು "ತಂಬೂರಿ ಏನ್ರೀ ಅಕ್ಕಾರ? ಭಜನಾ ಐತೇನು?" ಎಂದು ಕೇಳಿದ. ಹೌದೆಂದೆ. ಪಕ್ಕದ ಅಜ್ಜಿ ಊರು ಬರುವತನಕ ಒಂದು ಪದ ಹಾಡು ಅಂತ ಜೀವ ತಿಂದಳು. ಹೊಸಪೇಟೆಯಲ್ಲಿ ಖಾದರ್ ಸಾಬ್ ಎಂಬ ಹಿರಿಯರಿದ್ದಾರೆ. ಹೊಲಿಗೆ ಮಿಷನ್ನು, ಔಷಧಿ ಹೊಡೆಯುವ ಪಂಪು, ಹಂಪಿಯಲ್ಲಿ ಬಲೂನು ಹೊಡೆಸುವವರ ಬಂದೂಕು, ಎಲ್ಲಕ್ಕೂ ಅವರದೇ ಕೈ. ಅವರು ಉಂಗುರವನ್ನು ಬಿಚ್ಚಿ ಅಂಗೈ ಮೇಲಿಟ್ಟು ತಿರುಗಿಸಿ ನೋಡಿದರು.

"ಮೇಡಂರೀ, ಇದು ದುಂಡಗ ಐತಲ್ರೀ."

"ಬಂದೂಕಿಗೆ ಹಾಕಿ ನೋಡ್ರಿ, ಸೊಟ್ಟ ಕಾಣ್ತದ."

ಅವರು ಹಾಕಿ ನೋಡಿದರು. ದುಂಡಗಿದೆ ಅಂದರು. ನನ್ನ ಸಮಾಧಾನಕ್ಕೆ ಹೊಸ ಉಂಗುರವನ್ನೇ ಕೂರಿಸಿಕೊಟ್ಟರು. ನಾನು ಕಣ್ಣಿಟ್ಟೆ. ಅದೂ ಸೊಟ್ಟ! ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ನನಗೆ ಪಿತ್ತ ನೆತ್ತಿಗೇರಿತು. "ನಿಮಗ ವಯಸ್ಸಾತು ಸಾಬ್ರ. ಮೊದಲು ನಿಮ್ಮ ಕಣ್ಣು ತೋರಿಸ್ಕೊಳ್ರಿ, ಆಮ್ಯಾಲ ಮಂದಿ ಸಾಮಾನು ಮುಟ್ರಿ" ಎಂದುಬಿಟ್ಟೆ. ಅವರು ನಳಿಗೆಯ ಮೇಲಿದ್ದ ಎಣ್ಣೆ ಒರೆಸಿ, ದುಪ್ಪಟಿಯನ್ನು ನಾನು ಸುತ್ತಿದ್ದಕ್ಕಿಂತ ನೀಟಾಗಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟರು.

ಪಂದ್ಯಕ್ಕೆ ಒಂದು ವಾರ ಉಳಿದಿತ್ತು. ಭಾನುವಾರ ಬೆಳಿಗ್ಗೆ ಗೋದಾಮಿನಲ್ಲಿ ನಾನು ಬಂದೂಕಿಗೆ ಬೈಯುತ್ತಿದ್ದಾಗ ಅತ್ತೆ ಮಂಡಕ್ಕಿ ತಟ್ಟೆ ಹಿಡಿದು ಬಂದರು. ಎಪ್ಪತ್ತಾರು ವಯಸ್ಸು, ಹಣೆ ತುಂಬ ವಿಭೂತಿ, ಮೂರು ವರ್ಷದ ಹಿಂದೆ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡವರು. "ಒಂದ್ಸಲ ನನ್ನ ಕೈಗೆ ಕೊಡು, ನೋಡೋಣಂತ" ಅಂದರು. ಕೊಡದಿದ್ದರೆ ಬಿಡುವ ಜೀವವಲ್ಲ ಅದು. ಯಜಮಾನರಿಂದ ಗಿರಣಿಯ ಅಕ್ಕಿ ಮೂಟೆ ತರಿಸಿ, ಅವರನ್ನು ಒಂದರ ಮೇಲೆ ಕೂರಿಸಿ, ಮುಂದೆ ಇನ್ನೆರಡು ಮೂಟೆ ಪೇರಿಸಿ, ಅದರ ಮೇಲೆ ಬಂದೂಕು ಇಟ್ಟುಕೊಟ್ಟೆ. ಅತ್ತೆ ಒಂದೊಂದು ಸಲವೂ "ಶಿವಾ" ಎನ್ನುತ್ತ ಐದು ಗುಂಡು ಹೊಡೆದರು. ಯಜಮಾನರು ಹೋಗಿ ಕಾಗದ ಕಿತ್ತು ತಂದರು. ಐದೂ ಸೇರಿ ಒಂದೇ ತೂತು.

ನಾನೂ ಅದೇ ಮೂಟೆಯ ಮೇಲೆ ಕೂತು ಹೊಡೆದೆ. ಜೋಳದ ರೊಟ್ಟಿ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ನಗಲಿಲ್ಲ.

"ಅತ್ತೀ, ನಿಮಗ ಆ ಉಂಗುರ ಸೊಟ್ಟ ಕಾಣಲಿಲ್ಲೇನು?"

"ಇಲ್ಲವ್ವಾ, ಬಳಿ ಇದ್ದಂಗ ದುಂಡಗ ಐತಿ." ಅತ್ತೆ ಬಾಗಿಲ ಕಡೆ ಕೈ ಮಾಡಿದರು. "ಶಾರದಾ, ಎಡಗಣ್ಣು ಮುಚ್ಚಿ ಆ ಬಾಗಲಾ ನೋಡು."

ಮುಚ್ಚಿ ನೋಡಿದೆ. ಗೋದಾಮಿನ ಬಾಗಿಲಿನ ಚೌಕಟ್ಟು ನಟ್ಟನಡುವೆ ಬಿಸಿಲಿಗೆ ಕರಗಿದ ಮೇಣದಂತೆ ಬಾಗಿತ್ತು. ಯಜಮಾನರ ನಗು ನಿಂತಿತು.

ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಒಂದು ಹಾಳೆ ಹಿಡಿದು, ಬಲಗಣ್ಣಲ್ಲಿ ನೋಡಲು ಹೇಳಿದರು. "ನಿಮ್ಮ ಹಾಳೆ ಸರಿಯಾಗಿ ಪ್ರಿಂಟ್ ಆಗಿಲ್ಲ ಡಾಕ್ಟ್ರೇ" ಅಂದೆ. ಅವರು ಹಾಳೆಯನ್ನು ತಲೆಕೆಳಗು ಮಾಡಿದರು. ಡೊಂಕು ಹಾಳೆಯ ಜೊತೆ ತಿರುಗದೆ ಇದ್ದಲ್ಲೇ ಇತ್ತು. ಸಕ್ಕರೆಯಿಂದ ಕಣ್ಣಿನ ಹಿಂದಿನ ಪದರದ ನಡುವೆ ನೀರು ತುಂಬಿದೆ, ಇಂಜೆಕ್ಷನ್ ಕೊಡಬೇಕು, ಇದ್ದ ದೃಷ್ಟಿ ಉಳಿಸಿಕೊಳ್ಳಬಹುದು, ಹೋದದ್ದೆಲ್ಲ ಮರಳುತ್ತದೆಂದು ಹೇಳಲಾರೆ ಎಂದರು. ಎಡಗಣ್ಣು ಚೆನ್ನಾಗಿದ್ದುದರಿಂದ ಎರಡೂ ತೆರೆದಾಗ ನನಗೆ ತಿಳಿದಿರಲಿಲ್ಲ. ವರ್ಷಕ್ಕೊಮ್ಮೆ ಕಣ್ಣು ತೋರಿಸಲು ಯಾರೂ ಹೇಳಿರಲಿಲ್ಲವೇ ಎಂದು ಕೇಳಿದರು. ಹೇಳಿದ್ದರು.

ಇಂಜೆಕ್ಷನ್ ಆದ ವಾರವೇ ಸಂಡೂರಿನ ಪಂದ್ಯ ನನ್ನನ್ನು ಬಿಟ್ಟು ನಡೆಯಿತು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಖಾದರ್ ಸಾಬರ ಅಂಗಡಿಗೆ ಹೋದೆ. ತಪ್ಪಾಯಿತು ಎನ್ನುವ ಮಾತನ್ನು ಬಸ್ಸಿನಲ್ಲೇ ಕಟ್ಟಿಕೊಂಡಿದ್ದೆ. "ಕುಂದ್ರಿ ಮೇಡಂ" ಎಂದು ಅವರು ಚಹಾ ತರಿಸಿದರು. ಕುಡಿದು ಮುಗಿಸುವಾಗ ಮೆಲ್ಲಗೆ, "ನೀವು ಹೇಳಿದ ಮ್ಯಾಲ ನಾನೂ ತೋರಿಸ್ಕೊಂಡೆರೀ. ನನ್ನ ಕಣ್ಣು ಛಲೋ ಅದಾವಂತ" ಅಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚಹಾ ಸುಲಭವಾಗಿ ಇಳಿಯುತ್ತಿತ್ತು.

ಮತ್ತೆ ಕಾಲೇಜಿಗೆ ಹೋದ ದಿನ ಮೇಜಿನ ಮೇಲೆ ಮಕ್ಕಳ ಪ್ರಯೋಗದ ರೆಕಾರ್ಡ್ ಪುಸ್ತಕಗಳ ರಾಶಿ ಕಾದಿತ್ತು. ಗ್ರಾಫಿನ ರೇಖೆ ನೇರವಿದೆಯೋ ಎಂದು ನೋಡಲು ಪುಸ್ತಕವನ್ನು ಮುಖದ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ, ಬಡಿಗೇರನ ಹಾಗೆ ನೋಡುವುದು ನನ್ನ ಅಭ್ಯಾಸ. ಎತ್ತಿದವಳು ಅಲ್ಲೇ ತಡೆದೆ. ಕಣ್ಣು ಬದಲಿಸಿದೆ. ಹುಲಿಗೆಮ್ಮ ಎಂಬ ಹುಡುಗಿಯ ಪುಸ್ತಕದಲ್ಲಿ ಮೂರು ಪುಟಕ್ಕೆ "ರೇಖೆ ನೇರವಿಲ್ಲ, ಮತ್ತೆ ಬರೆ" ಎಂದು ನನ್ನದೇ ಕೆಂಪು ಅಕ್ಷರ. ಮೂರು ರೇಖೆಗಳೂ ನೂಲು ಹಿಡಿದಂತೆ ನೇರವಾಗಿದ್ದವು.

ಅವಳನ್ನು ಕರೆಸಿದೆ. "ನಿನ್ನ ರೇಖೆ ಸರಿ ಇತ್ತಲ್ಲವ್ವಾ, ಯಾಕ ಹೇಳಲಿಲ್ಲ?"

"ಸರಿ ಐತಿ ಅಂತ ನನಗೂ ಅನ್ನಿಸ್ತು ಮೇಡಂ. ಆದ್ರ ನೀವು ಹೇಳಿದ್ರಲ್ರೀ. ಸ್ಕೇಲ್ ಸರಿ ಇಲ್ಲೇನೋ ಅಂತ ಮೂರು ಸ್ಕೇಲ್ ಬದ್ಲಿ ಮಾಡಿದೆ. ಪೆನ್ಸಿಲ್ ಬ್ಯಾರೆ ತಂದೆ. ಕಡೀಕ ಕೈಯಾಗ ಏನರ ದೋಷ ಐತೇನೋ ಅಂತ ನಮ್ಮವ್ವ ತಾಯತ ಕಟ್ಟಿಸಿದ್ಲು." ಬಲಗೈಯ ಮಣಿಕಟ್ಟು ಮುಂದೆ ಚಾಚಿ ತೋರಿಸಿದಳು. ಕರಿ ದಾರ, ತಾಮ್ರದ ಸಣ್ಣ ತಾಯತ.

ಮೂರೂ ಪುಟಗಳಲ್ಲಿ ನನ್ನ ಕೆಂಪು ಅಕ್ಷರ ಹೊಡೆದುಹಾಕಿ, "ರೇಖೆ ನೇರವಿದೆ" ಎಂದು ಬರೆದು ಸಹಿ ಮಾಡಿದೆ. ತಪ್ಪು ನನ್ನ ಕಣ್ಣಿನದು ಎಂದು ಅವಳಿಗೆ ಹೇಳಿದೆ.

"ಹಂಗಾದ್ರ ತಾಯತ ಬಿಚ್ಚಲೇನ್ರೀ ಮೇಡಂ?"

"ಬ್ಯಾಡ, ಪರೀಕ್ಷೆ ಮುಗಿಯೋತನಕ ಇರಲಿ ಬಿಡು" ಅಂದೆ. "ನಿನ್ನ ಪೇಪರ್ ಯಾರು ತಿದ್ದತಾರೋ, ಅವರ ಕಣ್ಣು ಹೆಂಗ ಅದಾವೋ."