ಕ್ಷಮೆಗೆ ಅರ್ಹವಲ್ಲದ ಲೇಖನ

ದೈವಶಾಸ್ತ್ರ ಕಾಲೇಜಿನ ಆ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅಡಿಟಿಪ್ಪಣಿ. 'ಬಾಗಿಲು ಹಾಕಿ' ಅನ್ನುವುದಕ್ಕೂ ಮೂರು ಗ್ರಂಥಗಳ ಆಧಾರ ಕೊಡುತ್ತಾರೆ ಎಂಬುದು ದೂರು. ಇಷ್ಟು ವರ್ಷ ಗಂಟಲು ಹರಿದುಕೊಂಡು ಪಾಠ ಹೇಳಿದರೂ ಅವರ ಕೆಲಸ ಮಾತ್ರ ಇನ್ನೂ ತಾತ್ಕಾಲಿಕ. (ಈ ಲೋಕದಲ್ಲಿ ಎಲ್ಲವೂ ತಾತ್ಕಾಲಿಕ ಎಂದು ಅವರೇ ತರಗತಿಯಲ್ಲಿ ಹೇಳುವುದುಂಟು. ಅದು ಸಂಬಳಕ್ಕೂ ಅನ್ವಯಿಸುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ.) ಕೊನೆಗೊಂದು ದಿನ ಪ್ರಾಂಶುಪಾಲರು ಕರೆದು ಖಡಾಖಂಡಿತವಾಗಿ ಹೇಳಿಬಿಟ್ಟರು.

"ವರ್ಷ ಮುಗಿಯೋದ್ರೊಳಗೆ ವಿದ್ವತ್ ಪತ್ರಿಕೇಲಿ ನಿಮ್ಮದೊಂದು ಲೇಖನ ಬರಲಿ, ಕೆಲಸ ಕಾಯಂ. ಬರಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ವಿದ್ವತ್ ಪತ್ರಿಕೆ ಅಂದರೆ ಕ್ರೈಸ್ತ ದೈವಶಾಸ್ತ್ರಕ್ಕೇ ಮೀಸಲಾದದ್ದು. ಓದುವವರಿಗಿಂತ ಬರೆಯುವವರೇ ಜಾಸ್ತಿ. ಅದರ ನಿಯಮಗಳೋ, ಕಟ್ಟುನಿಟ್ಟು. ಲೇಖನ ಹನ್ನೆರಡು ಪುಟ ಮೀರಬಾರದು. ಲೇಖಕ ಯಾರೆಂದು ವಿಮರ್ಶಕನಿಗೆ ತಿಳಿಯಬಾರದು, ವಿಮರ್ಶಕ ಯಾರೆಂದು ಲೇಖಕನಿಗೆ ತಿಳಿಯಬಾರದು. ಲೇಖಕನ ಹೆಸರು ವಿಳಾಸ ಗುಮಾಸ್ತನ ಬೀಗದೊಳಗೇ ಇರಬೇಕು, ಸಂಪಾದಕರೂ ನೋಡುವಂತಿಲ್ಲ. ಹೆಸರು ಹೋಗಲಿ, ಲೇಖಕ ತನ್ನ ಹಳೆಯ ಬರಹಗಳನ್ನೂ ಹೆಸರಿಸುವಂತಿಲ್ಲ.

ಮೇಷ್ಟ್ರ ಲೇಖನ ಅರುವತ್ತು ಪುಟವಿತ್ತು. ವಿಷಯ ಕ್ಷಮೆ. ಪಾಪಿ ಬಾಯಿಬಿಟ್ಟು ಕೇಳುವ ಮೊದಲೇ ದೇವರು ಕ್ಷಮಿಸಿರುತ್ತಾನೆ ಎಂಬುದು ಅವರ ವಾದ. ಅದನ್ನು ಅವರು ಹೆಂಡತಿಯ ಮುಂದಿಟ್ಟರು. ಆಕೆ ಅದೇ ಕಾಲೇಜಿನಲ್ಲಿ ಇವರ ಜೊತೆಗೇ ಓದಿದವಳು. ಇವರು ಗೀಚಿದ್ದನ್ನೆಲ್ಲ ಟೈಪ್ ಮಾಡುವವಳೂ ಅವಳೇ.

"ನನ್ನ ಕರುಳು ಕತ್ತರಿಸಿದ ಹಾಗಾಗುತ್ತೆ. ನೀನೇ ಕತ್ತರಿಸು," ಎಂದರು.

"ಆಮೇಲೆ ಅದ್ಯಾಕೆ ತೆಗೆದೆ, ಇದ್ಯಾಕೆ ತೆಗೆದೆ ಅನ್ನಬಾರದು."

"ನೋಡೋದೇ ಇಲ್ಲ. ಕತ್ತರಿಸಿ ಹಾಗೇ ಕಳಿಸಿಬಿಡು."

ಆಕೆ ನಿಜವಾಗಿಯೂ ಕತ್ತರಿಸಿದಳು. ಒಂದೂವರೆ ಪುಟ ಉದ್ದದ ವಾಕ್ಯಗಳನ್ನು ಮುರಿದು ಮನುಷ್ಯರು ಉಸಿರಾಡುವಷ್ಟು ಮಾಡಿದಳು. ನಿಯಮದಂತೆ ಗಂಡನ ಹೆಸರನ್ನೂ ಗಂಡನ ಹಳೆಯ ಲೇಖನಗಳ ಹೆಸರನ್ನೂ ಕಿತ್ತೆಸೆದಳು. ಬೇರೆ ತಲೆಬರಹ ಕೊಟ್ಟು ಕಳಿಸಿದಳು. ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪದೆ ಒಂದಕ್ಷರವನ್ನೂ ನೋಡಲಿಲ್ಲ.

ಕೆಲವು ವಾರಗಳ ಮೇಲೆ ಪತ್ರಿಕೆಯಿಂದ ಮೇಷ್ಟ್ರಿಗೊಂದು ದಪ್ಪ ಲಕೋಟೆ ಬಂತು. 'ಕ್ಷಮೆಯ ಕುರಿತ ಲೇಖನವೊಂದು ಬಂದಿದೆ. ಈ ವಿಷಯ ಬಲ್ಲವರು ತಮ್ಮನ್ನು ಬಿಟ್ಟರೆ ನಮಗೆ ಬೇರೆ ಗತಿಯಿಲ್ಲ. ದಯವಿಟ್ಟು ವಿಮರ್ಶಿಸಿ.'

ಮೇಷ್ಟ್ರು ಉಬ್ಬಿಹೋದರು. ಕನ್ನಡಕ ಒರೆಸಿಕೊಂಡು ಓದಲು ಕುಳಿತರು. ಮೊದಲ ಪುಟಕ್ಕೆ ಹುಬ್ಬು ಮೇಲೇರಿತು, ಎರಡನೆಯದಕ್ಕೆ ರಕ್ತದೊತ್ತಡ. ಯಾವನೋ ತಮ್ಮ ವಾದವನ್ನೇ ಎತ್ತಿಕೊಂಡಿದ್ದಾನೆ. ಎತ್ತಿಕೊಂಡಿದ್ದೂ ಅಲ್ಲದೆ ಎಲ್ಲರಿಗೂ ಅರ್ಥವಾಗುವ ಹಾಗೆ ಬರೆದಿದ್ದಾನೆ. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹುಡುಕಿದರೂ ಎಲ್ಲಿಯೂ ತಮ್ಮ ಹೆಸರಿಲ್ಲ. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ, ಯಾವ ಮಾತು ತಮ್ಮ ಯಾವ ಹಳೆಯ ಲೇಖನದ ಎಷ್ಟನೆಯ ಪುಟದ್ದೆಂದು ಬೊಟ್ಟು ಮಾಡಿ ವಿಮರ್ಶೆ ಬರೆದು, ಲಕೋಟೆ ಅಂಟಿಸಿ, ತಾವೇ ಹೋಗಿ ಅಂಚೆಗೆ ಹಾಕಿ ಬಂದರು. ಗುಟ್ಟು ಗುಟ್ಟಾಗಿರಬೇಕೆಂಬ ನಿಯಮವಿದ್ದುದರಿಂದ ಹೆಂಡತಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಪತ್ರಿಕೆಯ ಉತ್ತರ ಬಂತು. ಹೆಂಡತಿಯೇ ಒಡೆದಳು.

"ತಿರಸ್ಕಾರ ಆಗಿದೆ ಕಣ್ರೀ," ಎಂದಳು. ಅವಳ ದನಿಯೇ ಕುಸಿದಿತ್ತು. ಕೆಲಸ ಹೋದರೆ ಮನೆ ಖಾಲಿ ಮಾಡಬೇಕು, ಮಗಳ ಓದು ಅರ್ಧಕ್ಕೆ ನಿಲ್ಲುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. "ಯಾರೋ ವಿಮರ್ಶಕ ಬರೆದಿದ್ದಾನೆ, ಕೇಳಿ. 'ಈ ಲೇಖಕನಿಗೆ ವಿಷಯದ ಗಂಧಗಾಳಿಯಿಲ್ಲ. ಈ ಕ್ಷೇತ್ರದ ಏಕಮೇವ ಪ್ರಾಮಾಣಿಕ ವಿದ್ವಾಂಸರ ವಾದವನ್ನು ಹಾಡಹಗಲೇ ಕದ್ದು, ಅವರ ಹೆಸರನ್ನೂ ಹೇಳದ ಈ ಅಪರಾಧಕ್ಕೆ ಕ್ಷಮೆಯಿಲ್ಲ...' ಏನ್ ಜನವಪ್ಪ. ಎಂಥ ಹೊಟ್ಟೆಕಿಚ್ಚು ಇವನಿಗೆ."

ಮೇಷ್ಟ್ರು ಚಹಾಕ್ಕೆ ಎರಡನೆಯ ಸಲ ಸಕ್ಕರೆ ಹಾಕಿಕೊಂಡರು.

"ಪಾಪ, ಅವನೇನೋ... ಮನಸ್ಸಿಗೆ ಬೇಜಾರಾಗಿ ಬರೆದಿರಬಹುದು," ಎಂದರು.

"ನೀವ್ಯಾಕೆ ಅವನ ಪರ ವಹಿಸ್ತೀರಿ?" ಎಂದು ಆಕೆ ಕಾಗದದಿಂದ ತಲೆ ಎತ್ತಿದಳು. ಗಂಡನ ಮುಖ ನೋಡಿದಳು. ಮತ್ತೆ ಕಾಗದ ನೋಡಿದಳು. "ಏಕಮೇವ ಪ್ರಾಮಾಣಿಕ ವಿದ್ವಾಂಸರು... ರೀ, ಇದು ನೀವಾ?"

"ನಂದು ಅಂತ ಗೊತ್ತಿರಲಿಲ್ಲ ಕಣೇ."

"ಓದಲಿಲ್ವಾ?"

"ಓದಿದೆನಲ್ಲ, ಅದಕ್ಕೇ ಗೊತ್ತಾಗಲಿಲ್ಲ. ನಾನು ಹಾಗೆ ಬರೆಯೋದೇ ಇಲ್ಲ."

ಆಕೆ ಅಳಬೇಕೋ ನಗಬೇಕೋ ತಿಳಿಯದೆ ಸ್ವಲ್ಪ ಹೊತ್ತು ಎರಡನ್ನೂ ಮಾಡಿದಳು. ಆಮೇಲೆ ಗಂಡನ ಕೈಗೆ ಕೋಟು ಕೊಟ್ಟು, "ಹೋಗಿ ನಿಜ ಹೇಳಿ ಬನ್ನಿ," ಎಂದು ಹೊರಡಿಸಿದಳು.

ಸಂಪಾದಕರು ಪುಸ್ತಕದ ರಾಶಿಗಳ ನಡುವೆ ಎಲ್ಲೋ ಇದ್ದರು. ಮೇಷ್ಟ್ರು ನಡೆದದ್ದನ್ನೆಲ್ಲ ಎರಡು ಸಲ ಹೇಳಿದರು. ಎರಡನೆಯ ಸಲಕ್ಕೆ ಸಂಪಾದಕರ ಗೊಂದಲ ಇನ್ನಷ್ಟು ಹೆಚ್ಚಿತು.

"ಈಗ ನೀವು ಬಂದಿರೋದು ಲೇಖಕರಾಗಿಯೋ ವಿಮರ್ಶಕರಾಗಿಯೋ?"

"ಇಬ್ಬರೂ ಬಂದಿದ್ದೀವಿ ಸ್ವಾಮಿ."

"ಹಾಗೆ ಬರೋ ಹಾಗಿಲ್ಲ. ಇಬ್ಬರೂ ಮುಖ ನೋಡಿಕೊಳ್ಳಬಾರದು ಅಂತ ನಿಯಮ ಇದೆ." ಅವರು ಹಣೆ ತಿಕ್ಕಿಕೊಂಡರು. "ಸರಿ, ನಿಮ್ಮ ವಿಮರ್ಶೆ ರದ್ದು. ಆದರೆ ಅದರಲ್ಲಿ ಹೇಳಿದ್ದು ಸುಳ್ಳಲ್ಲವಲ್ಲ. ಈ ವಾದವೆಲ್ಲ ಹಿಂದೆಯೇ ಅಚ್ಚಾಗಿದೆ ಅಂತ ನೀವೇ ಪುಟ ಸಂಖ್ಯೆ ಸಮೇತ ತೋರಿಸಿದ್ದೀರಿ. ಬೇರೆಯವರು ಬರೆದಿದ್ದರೆ ಕಳ್ಳಮಾಲು. ನಿಮ್ಮದೇ ಆದ್ದರಿಂದ ಹಳೇ ಮಾಲು. ಎರಡನ್ನೂ ನಾವು ಹಾಕಲ್ಲ."

ಜೀವನದಲ್ಲಿ ಮೊದಲ ಬಾರಿಗೆ ಮೇಷ್ಟ್ರ ವಾದವೊಂದು ಯಾರಿಗೋ ಪೂರ್ತಿಯಾಗಿ ಒಪ್ಪಿಗೆಯಾಗಿತ್ತು.

"ಹೊಸದೊಂದು ಬರೆದು ಕಳಿಸಿ, ಇನ್ನೂ ಸಮಯ ಇದೆ," ಎಂದು ಸಂಪಾದಕರು ಸಮಾಧಾನ ಹೇಳಿದರು. "ಅಂದ ಹಾಗೆ, ಅರುವತ್ತು ಪುಟ ಹನ್ನೆರಡಕ್ಕೆ ಇಳಿಸಿದ್ದು ಯಾರು? ನಿಮ್ಮ ಮನೆಯವರಾ? ಅಂಥವರು ಬೇಕಲ್ಲ ನಮಗೆ. ನಿಮ್ಮ ಜಾಗಕ್ಕೆ ಅವರನ್ನೇ ವಿಮರ್ಶಕರಾಗಿ ಹಾಕ್ಕೋತೀವಿ."

ಅಲ್ಲಿಂದ ಮುಂದೆ ಮನೆಯಲ್ಲಿ ಮೇಷ್ಟ್ರ ಪಾಡು ಕೇಳುವ ಹಾಗಿರಲಿಲ್ಲ. ಕ್ಷಮೆಯ ವಿಷಯವೆಲ್ಲ ಇನ್ನು ಹೆಂಡತಿಯ ಕೈಗೇ ಹೋಗುತ್ತದೆ. ಅವಳಿಗೆ ಲೇಖಕ ಯಾರೆಂದು ತಿಳಿದರೆ ವಿಮರ್ಶೆ ರದ್ದು, ವಿಮರ್ಶೆ ರದ್ದಾದರೆ ವರ್ಷ ಕಳೆದುಹೋಗುತ್ತದೆ, ವರ್ಷ ಕಳೆದರೆ ಕೆಲಸವೂ. ಮೇಷ್ಟ್ರು ಕೋಣೆಯ ಚಿಲಕ ಹಾಕಿಕೊಂಡು ಎರಡೇ ಬೆರಳಲ್ಲಿ ಟಕ್ ಟಕ್ ಎಂದು ಟೈಪ್ ಮಾಡತೊಡಗಿದರು.

"ಏನ್ ಬರೀತಿದ್ದೀರಿ?" ಎಂದು ಬಾಗಿಲಾಚೆಯಿಂದ ಪ್ರಶ್ನೆ.

"ಸಾಮಾನಿನ ಪಟ್ಟಿ."

"ಮೂರು ವಾರದಿಂದಾನಾ?"

ಲೇಖನ ಹೋಯಿತು. ಒಂದು ಸಂಜೆ ಹೆಂಡತಿ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು, ಕೈಯಲ್ಲಿ ಕೆಂಪು ಪೆನ್ಸಿಲ್ ಹಿಡಿದು ಓದುತ್ತಿದ್ದಳು. ಮೇಷ್ಟ್ರು ಎದುರಿಗೆ ಒಂದು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದರು. ಪುಟ ಮಾತ್ರ ಮಗುಚುತ್ತಿರಲಿಲ್ಲ.

"ಯಾರೋ ಪುಣ್ಯಾತ್ಮ ಬರೆದಿದ್ದಾನೆ," ಎಂದಳು ಆಕೆ. "ಮೊದಲನೇ ವಾಕ್ಯ ಶುರುವಾಗಿ ಒಂದು ಪುಟ ಆಯ್ತು, ಇನ್ನೂ ಕ್ರಿಯಾಪದ ಬಂದಿಲ್ಲ."

"ಮುಂದೆ ಬರಬಹುದು," ಎಂದರು ಮೇಷ್ಟ್ರು, ಪುಸ್ತಕದ ಹಿಂದಿನಿಂದ.

"ವಿಷಯ ಏನೋ ಚೆನ್ನಾಗಿದೆ. ಆದರೆ ಹೀಗೇ ಹೇಗೆ ಒಪ್ಪಲಿ? ತಿರಸ್ಕಾರ ಅಂತಲೇ ಬರೀಬೇಕು." ಕೆಂಪು ಪೆನ್ಸಿಲ್ ಒಂದಿಡೀ ಪುಟದ ಮೇಲೆ ಅಡ್ಡಡ್ಡ ಓಡಿತು. ಆಕೆ ನಿಟ್ಟುಸಿರು ಬಿಟ್ಟಳು. "ಪಾಪ, ಕಳಿಸೋ ಮುಂಚೆ ಓದಿ ತಿದ್ದಿಕೊಡೋಕೆ ಈ ಮನುಷ್ಯನಿಗೆ ಮನೇಲಿ ಯಾರೂ ಇಲ್ವೇನ್ರೀ?"

ಮೇಷ್ಟ್ರು ಪುಸ್ತಕವನ್ನು ಇನ್ನೂ ಸ್ವಲ್ಪ ಮೇಲೆತ್ತಿ ಹಿಡಿದರು.

"ಇಲ್ಲ ಅಂತ ಕಾಣುತ್ತೆ," ಎಂದರು.