ಪಕ್ಕದ ಕೋಣೆಯ ಅವಿಭಾಜ್ಯ ಸಂಖ್ಯೆ

ಇಪ್ಪತ್ತು ವರ್ಷಗಳಿಂದ ಅಚ್ಚಿನ ಕರಡು ತಿದ್ದುತ್ತಿದ್ದ ಆ ಮಹಾಶಯನಿಗೆ ಒಂದೇ ಕೊರಗು. ತನ್ನ ಕಣ್ಣು ಎಷ್ಟು ಹರಿತವೆಂಬುದು ಪ್ರೆಸ್ಸಿನವರಿಗೆಲ್ಲ ಗೊತ್ತು, ಹೆಂಡತಿಗೆ ಮಾತ್ರ ಗೊತ್ತಿಲ್ಲ. (ಕಾಲಡಿಯ ಚಪ್ಪಲಿಯೇ ಕಾಣದ ಕಣ್ಣು ಅದು ಎನ್ನುವುದು ಆಕೆಯ ವಾದ.)

ಆ ಮಧ್ಯಾಹ್ನ ಮನೆಯಲ್ಲಿ ಅವನ ಮೇಜಿನ ಮೇಲಿದ್ದದ್ದು ಗಣಿತದ ಪ್ರೊಫೆಸರರೊಬ್ಬರ ಪುಸ್ತಕದ ಕೊನೆಯ ಪುಟ. ಪುಟದ ತುಂಬ ಒಂದೇ ಒಂದು ಸಂಖ್ಯೆ, ಒಂಬೈನೂರು ಅಂಕಿಗಳದ್ದು. ಅವಿಭಾಜ್ಯ ಸಂಖ್ಯೆ, ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಯಾವುದಕ್ಕೂ ಬಗ್ಗದ ಸಂಖ್ಯೆ. ಕೈಬರಹ ನೋಡಿ ಗಟ್ಟಿಯಾಗಿ ಓದುತ್ತ, ಕರಡಿನ ಮೇಲೆ ಪೆನ್ಸಿಲ್ ಓಡಿಸುತ್ತಿದ್ದ. "ಮೂರು, ಒಂಬತ್ತು, ಐದು..."

"ಐದಲ್ಲ, ನಾಲ್ಕು."

ಪಕ್ಕದ ಕೋಣೆಯಿಂದ ಅಮ್ಮನ ದನಿ. ಬಾವಿಯ ತಳದಿಂದ ಬಂದ ಹಾಗಿತ್ತು.

"ಇಲ್ಲಿ ಐದು ಅಂತಾನೇ ಬರ್ದಿದಾರೆ ಕಣಮ್ಮಾ."

"ನಾಲ್ಕು."

ಮೂರನೇ ಕ್ಲಾಸು ದಾಟದ ಅಮ್ಮ! ಅವನ ಮೈ ಜುಮ್ಮೆಂದಿತು. ಒಂದು ಗಂಟೆ ಕೂತು ಅಂಕಿಗಳನ್ನೆಲ್ಲ ಕೂಡಿದ. ಮೊತ್ತ ಮೂರರಿಂದ ಭಾಗವಾಯಿತು. ಅಂದರೆ ಸಂಖ್ಯೆಯೂ ಭಾಗವಾಗುತ್ತದೆ! ಪ್ರೊಫೆಸರರಿಗೆ ಫೋನು ಮಾಡಿದ.

"ಅಯ್ಯೋ, ನಾಲ್ಕೇ ರೀ! ನಕಲು ಮಾಡುವಾಗ ನಾನೇ ತಪ್ಪಿದೀನಿ. ಭೇಷ್, ಯಾರು ಹಿಡಿದದ್ದು?"

"ನಾನೇ ಸಾರ್," ಎಂದು ಎದೆಯುಬ್ಬಿಸಿದ. ಎದೆಯ ಜೊತೆ ಮೊಣಕೈಯೂ ಎದ್ದು ಚಹಾದ ಲೋಟ ಉರುಳಿತು. ಕೈಬರಹದ ಕೊನೆಯ ಸಾಲಿನ ಐದು ಅಂಕಿ ಚಹಾದಲ್ಲಿ ಕರಗಿಹೋದವು. ಕರಡಿನಲ್ಲಾದರೋ ಆ ಸಾಲೇ ಬಿಟ್ಟುಹೋಗಿತ್ತು.

ಈಗಷ್ಟೇ ಹೊಗಳಿದವರನ್ನು ಮತ್ತೆ ಕೇಳುವುದು ಯಾವ ಮುಖದಲ್ಲಿ? ಬಾಗಿಲ ಬಳಿ ಹೋದ. "ಅಮ್ಮಾ, ಕೊನೇ ಸಾಲು ಹೇಳಮ್ಮಾ."

"ಎಂಟು, ಒಂದು, ಒಂದು, ಒಂಬತ್ತು, ಆರು." ನಡುವೆ ಒಂದು ಉಸಿರೂ ಇಲ್ಲ.

ಬರೆದುಕೊಂಡು ಪ್ರೆಸ್ಸಿಗೆ ಓಡಿದ. ಸಂಜೆ ಮನೆಗೆ ಬಂದಾಗ ಹೆಂಡತಿ ಕೇಳಿದಳು, "ರೀ, ಮಧ್ಯಾಹ್ನ ಯಾರ ಹತ್ರ ಮಾತಾಡ್ತಿದ್ರಿ?"

"ಅಮ್ಮನ ಹತ್ರ."

"ಅತ್ತೆ ಬೆಳಗ್ಗೆನೇ ನಿಮ್ಮ ತಂಗಿ ಮನೆಗೆ ಹೋದ್ರಲ್ಲ! ಹೇಳಿ ಹೊರಟಾಗ ತಲೆ ಎತ್ತದೇ 'ಹೂಂ' ಅಂದ್ರಿ. ಆ ಬಾಗಿಲಿಗೆ ಬೀಗ ನೇತಾಡ್ತಿದೆ, ಅದೂ ಕಾಣ್ಲಿಲ್ವಾ?"

ಅವನು ಬೀಗದತ್ತ ತಿರುಗಿದ. ಅಷ್ಟರಲ್ಲಿ ಫೋನು ರಿಂಗಣಿಸಿತು.

"ಕೊನೇಲಿ ಆರು ಅಂತ ಅಚ್ಚಾಗಿದೆಯಲ್ರೀ!" ಪ್ರೊಫೆಸರರು ಕಿರುಚಿದರು. "ಎರಡರಿಂದ ಭಾಗವಾಗತ್ತೆ, ಮಗ್ಗಿ ಕಲಿಯೋ ಮಕ್ಕಳಿಗೂ ಗೊತ್ತು! ಐನೂರು ಪ್ರತಿ ಹಾಳು! ಯಾರ ಕೆಲಸ ಇದು?"

"ನಾನೇ... ಸಾರ್."

ಕುರ್ಚಿಯಲ್ಲಿ ಕುಸಿದ. ಗಾಳಿಯಿಲ್ಲದಿದ್ದರೂ ಬೀಗ ಮೆಲ್ಲಗೆ ತೂಗುತ್ತಿತ್ತು. ಒಳಗಿನಿಂದ ಅದೇ ದನಿ ಬಂತು:

"ಏಳು."

ಅದು ಸರಿಯಾದ ಅಂಕಿಯೋ, ಕುರ್ಚಿ ಬಿಟ್ಟೇಳೆಂಬ ಅಪ್ಪಣೆಯೋ, ಕೇಳಿ ತಿಳಿಯಲು ಅವನು ನಿಲ್ಲಲಿಲ್ಲ. ಬೀದಿಯ ತಿರುವು ಮುಟ್ಟಿದ ಮೇಲೆ, ಹೆಂಡತಿ ಬಂದಳೋ ಇಲ್ಲವೋ ಎಂದು ಹಿಂದಿರುಗಿ ನೋಡಿದ. ಕಾಣಲಿಲ್ಲ. ಆಕೆ ಅವನಿಗಿಂತ ಹತ್ತು ಮಾರು ಮುಂದೆ ಓಡುತ್ತಿದ್ದಳು.